ಎಲ್‌ಕೆಜಿ ಸೀಟಿಗೆ ಏಕಿಷ್ಟು ಪೈಪೋಟಿ?

ದಸರಾ, ದೀಪಾವಳಿ ಮುಗಿಯುತ್ತಿದ್ದಂತೆ ಬೆಂಗಳೂರಿನ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಒಂದೇ ವಿಚಾರಣೆ: ‘ಎಲ್ಲೆಲ್ಲಿ ಅಪ್ಲಿಕೇಷನ್ ಹಾಕಿದ್ರಿ?’ ಶಾಲೆ ಶುರುವಾಗುವುದು ಮುಂದಿನ ಜೂನ್‌ನಲ್ಲಿ. ಮಗುವಿಗೆ ಇನ್ನೂ ಮೂರೋ ಮೂರೂವರೆಯೋ ವರ್ಷ. ಆದರೂ ಅಪ್ಪ ಆಫೀಸಿನಲ್ಲಿ ಬಿಡುವು ಮಾಡಿಕೊಂಡು ಶಾಲೆಗಳ ವೆಬ್‌ಸೈಟು ತೆರೆದು ಕೂರುತ್ತಾನೆ. ಅಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ಶಾಲೆಯ ಅರ್ಜಿ ಯಾವಾಗ ಬಿಡುತ್ತಾರೆ ಎಂದು ಕೇಳುತ್ತಾಳೆ. ಒಂದೇ ಮಗುವಿಗೆ ಐದಾರು ಕಡೆ ಅರ್ಜಿ ಹಾಕುವುದು ಮಾಮೂಲು. ಪ್ರತಿ ಅರ್ಜಿಗೂ ಶುಲ್ಕ. ಸೀಟು ಸಿಗದಿದ್ದರೆ ಅದು ವಾಪಸು ಬರುವುದಿಲ್ಲ.

ಇಂಥ ಒಂದು ಅರ್ಜಿಯನ್ನು ಸಾವಧಾನವಾಗಿ ಓದಿ ನೋಡಬೇಕು. ಅದರಲ್ಲಿ ಮಗುವಿಗೆ ಸಂಬಂಧಪಟ್ಟಿದ್ದು ಹೆಸರು, ಹುಟ್ಟಿದ ದಿನಾಂಕ, ರಕ್ತದ ಗುಂಪು, ಹಾಕಿಸಿದ ಲಸಿಕೆಗಳು, ಇಷ್ಟೇ. ಉಳಿದ ಅಂಕಣಗಳೆಲ್ಲ ಹೆತ್ತವರದು. ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ, ಕೆಲಸ ಮಾಡುವ ಕಂಪನಿ, ಹುದ್ದೆ, ವಾರ್ಷಿಕ ವರಮಾನ, ಮನೆಯಲ್ಲಿ ಆಡುವ ಭಾಷೆ. ಅಣ್ಣನೋ ಅಕ್ಕನೋ ಇದೇ ಶಾಲೆಯಲ್ಲಿದ್ದಾರೆಯೇ? ಹೆತ್ತವರಲ್ಲಿ ಯಾರಾದರೂ ಇಲ್ಲಿಯ ಹಳೆಯ ವಿದ್ಯಾರ್ಥಿಯೇ? ಕೆಲವು ಶಾಲೆಗಳು ‘ನಮ್ಮ ಶಾಲೆಯನ್ನೇ ಏಕೆ ಆರಿಸಿಕೊಂಡಿರಿ’ ಎಂದು ಅರ್ಧ ಪುಟ ಬರೆಯಲು ಹೇಳುತ್ತವೆ. ಮೂರು ವರ್ಷದ ಮಗು ಓದಿಗೆ ಹೇಗಿದೆ ಎಂದು ತಿಳಿಯುವ ದಾರಿ ಯಾವ ಶಾಲೆಗೂ ಇಲ್ಲ. ಹಾಗಾಗಿ ಮಗು ಹುಟ್ಟಿದ ಮನೆ ಹೇಗಿದೆ ಎಂದು ತಿಳಿದುಕೊಳ್ಳುತ್ತವೆ.

ಅರ್ಜಿ ದಾಟಿದವರಿಗೆ ‘ಇಂಟರಾಕ್ಷನ್’ ಎಂಬ ಭೇಟಿ. ಗಿಡ್ಡ ಮೇಜು, ಪುಟ್ಟ ಕುರ್ಚಿ, ಬುಟ್ಟಿಯಲ್ಲಿ ಬಣ್ಣದ ಬ್ಲಾಕುಗಳು. ಮಿಸ್ ಒಂದು ಬ್ಲಾಕು ಎತ್ತಿ ಹಿಡಿದು ‘ವಾಟ್ ಕಲರ್ ಈಸ್ ದಿಸ್?’ ಎನ್ನುತ್ತಾರೆ. ಮಗುವಿಗೆ ಅದು ಕೆಂಪು ಎಂದು ಚೆನ್ನಾಗಿ ಗೊತ್ತು. ಮನೆಯಲ್ಲಿ ಕೆಂಪು ಟೊಮೆಟೊ, ಕೆಂಪು ಬಸ್ಸು ಎಂದು ದಿನವೂ ಹೇಳುತ್ತದೆ. ಹೊಸ ಜಾಗ, ಹೊಸ ಮುಖ, ಹೊಸ ಭಾಷೆ ಮೂರೂ ಒಟ್ಟಿಗೆ ಎದುರಾದಾಗ ಅಮ್ಮನ ದುಪಟ್ಟಾ ಹಿಡಿದು ಸುಮ್ಮನೆ ನಿಲ್ಲುತ್ತದೆ. ಅಮ್ಮ ಮೆಲ್ಲಗೆ ‘ಹೇಳು ಪುಟ್ಟಾ, ನಿನ್ನೆ ಹೇಳಿದ್ಯಲ್ಲ’ ಎನ್ನುತ್ತಾಳೆ. ಮಿಸ್ ನಗುತ್ತ ಕಾಗದದ ಮೇಲೆ ಏನನ್ನೋ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಹೆತ್ತವರ ಸರದಿ. ಮಗುವಿನ ಜೊತೆ ದಿನಕ್ಕೆ ಎಷ್ಟು ಹೊತ್ತು ಕಳೆಯುತ್ತೀರಿ, ಮನೆಯಲ್ಲಿ ಯಾವ ಪುಸ್ತಕಗಳಿವೆ, ಹೋಂವರ್ಕ್ ಯಾರು ಮಾಡಿಸುತ್ತಾರೆ? ಹತ್ತು ನಿಮಿಷದ ಈ ಭೇಟಿಗಾಗಿ ವಾರಗಟ್ಟಲೆ ಅಭ್ಯಾಸ ಮಾಡಿಸುವ ಪ್ಲೇಹೋಂಗಳೂ ಇವೆ.

ಇದೆಲ್ಲ ಕಾನೂನಿನಲ್ಲಿ ನಡೆಯುತ್ತದೆಯೇ ಎಂದು ಕೇಳುವವರು ಕಡಿಮೆ. ಉತ್ತರ ಎಲ್ಲ ಪೋಷಕರಿಗೂ ಗೊತ್ತಿರಬೇಕಾದದ್ದು.

2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 13ನೇ ಕಲಂ ಎರಡು ಸಂಗತಿಗಳನ್ನು ನಿಷೇಧಿಸುತ್ತದೆ. ಒಂದು, ಕ್ಯಾಪಿಟೇಷನ್ ಶುಲ್ಕ, ನಮ್ಮ ಬಾಯಲ್ಲಿ ಡೊನೇಷನ್. ಅದನ್ನು ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ ದಂಡ. ಇನ್ನೊಂದು, ಮಗುವನ್ನಾಗಲಿ ಹೆತ್ತವರನ್ನಾಗಲಿ ಜರಡಿ ಹಿಡಿಯುವುದು. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಲಾಟರಿಯಂಥ ಕ್ರಮ ಬಿಟ್ಟು ಬೇರೇನೇ ಮಾಡಿದರೂ ಅದು ಜರಡಿಯೇ. ಮೊದಲ ಬಾರಿ ತಪ್ಪು ಮಾಡಿದರೆ 25 ಸಾವಿರ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರ ರೂಪಾಯಿವರೆಗೆ ದಂಡ. 2010ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಇನ್ನೂ ಸ್ಪಷ್ಟವಾಗಿತ್ತು: ಪರೀಕ್ಷೆ ಬೇಡ, ಸಂದರ್ಶನ ಬೇಡ, ಹೆತ್ತವರ ಓದು ನೋಡಿ ಮಕ್ಕಳನ್ನು ವಿಂಗಡಿಸುವುದೂ ಬೇಡ, ಶಾಲೆ ತನ್ನ ಪ್ರವೇಶ ನೀತಿಯನ್ನು ಮೊದಲೇ ಸಾರ್ವಜನಿಕವಾಗಿ ಪ್ರಕಟಿಸಬೇಕು.

ಇಷ್ಟೆಲ್ಲ ಇದ್ದೂ ಬಣ್ಣದ ಬ್ಲಾಕಿನ ಪರೀಕ್ಷೆ ನಡೆಯುವುದು ಒಂದು ಸಂದಿಯಲ್ಲಿ. ಆರ್‌ಟಿಇ ಮಾತಾಡುವುದು 6ರಿಂದ 14 ವರ್ಷದ ಮಕ್ಕಳ ಬಗ್ಗೆ. ಹೆಸರಾಂತ ಖಾಸಗಿ ಶಾಲೆಗಳಲ್ಲಿ ಒಂದನೇ ತರಗತಿಗೆ ಹೊಸದಾಗಿ ಸೇರುವವರೇ ವಿರಳ. ಸೀಟುಗಳು ಎಲ್‌ಕೆಜಿಯಲ್ಲೋ ಅದಕ್ಕೂ ಮೊದಲು ಪ್ರಿ–ಕೆಜಿಯಲ್ಲೋ ಭರ್ತಿಯಾಗಿರುತ್ತವೆ. ಅಲ್ಲಿಗೆ ಕಾಯ್ದೆಯ ಕೈ ಮುಟ್ಟುತ್ತದೆಯೇ? ದೆಹಲಿ ಹೈಕೋರ್ಟಿನ ಮುಂದೆ ಈ ಪ್ರಶ್ನೆ ನೇರವಾಗಿ ಬಂದಿತ್ತು. ಬಡ ಮಕ್ಕಳಿಗೆ ಮೀಸಲಾದ ಶೇ 25ರಷ್ಟು ಸೀಟು ಬಿಟ್ಟರೆ ಉಳಿದ ನರ್ಸರಿ ಸೀಟುಗಳಿಗೆ 13ನೇ ಕಲಂ ಅನ್ವಯಿಸುವುದಿಲ್ಲ ಎಂದು 2013ರ ಫೆಬ್ರುವರಿಯಲ್ಲಿ ಅದು ತೀರ್ಪಿತ್ತಿತು. ಆರು ವರ್ಷದ ಮಗುವಿಗೆ ಕಾಯ್ದೆ ಕೊಟ್ಟ ರಕ್ಷಣೆ ಮೂರು ವರ್ಷದ ಮಗುವಿಗೆ ಸಿಗಲಿಲ್ಲ. ಯಾವ ವಯಸ್ಸಿನಲ್ಲಿ ಜರಡಿ ಹಿಡಿಯುವುದು ಹೆಚ್ಚು ಅನ್ಯಾಯವೋ ಅದೇ ವಯಸ್ಸು ಹೊರಗುಳಿಯಿತು.

ಬೆಂಗಳೂರಿನಲ್ಲಿ ಶಾಲೆಗಳ ಹೆಸರು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ದಂಡು ಪ್ರದೇಶದ ಸೇಂಟ್ ಜೋಸೆಫ್ಸ್ 1858ರದು, ಬಿಷಪ್ ಕಾಟನ್ 1865ರದು, ಬಾಲ್ಡ್‌ವಿನ್ 1880ರದು. ಅಲ್ಲಿ ಕಲಿತವರಿಗೆ ಇಂಗ್ಲಿಷು ಸರಾಗ, ಸರ್ಕಾರಿ ಹುದ್ದೆಗೂ ಸೈನ್ಯಕ್ಕೂ ದಾರಿ ಸಲೀಸು. ಊರಿನ ಇನ್ನೊಂದು ಬದಿಯಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ, ಆಚಾರ್ಯ ಪಾಠಶಾಲೆ 1935ರಲ್ಲಿ ಶುರುವಾದವು. ಮೇಷ್ಟ್ರ ಹೆಸರಿನಿಂದಲೇ ಶಾಲೆಯನ್ನು ಗುರುತಿಸುತ್ತಿದ್ದ ಕಾಲ ಅದು. 1959ರಲ್ಲಿ ರಾಜಾಜಿನಗರದಲ್ಲಿ ಕೆ.ಪಿ. ಗೋಪಾಲಕೃಷ್ಣ ನ್ಯಾಷನಲ್ ಪಬ್ಲಿಕ್ ಸ್ಕೂಲ್ ತೆರೆದರು. ಮುಂದೆ ಅದೇ ಹೆಸರಿನ ಶಾಲೆಗಳು ನಗರದ ನಾನಾ ಬಡಾವಣೆಗಳಲ್ಲಿ ಬಂದವು. 1990ರ ದಶಕದ ನಂತರ ಐಟಿ ಕಂಪನಿಗಳು ಬೆಳೆದಂತೆ ಬೇರೆ ಬೇರೆ ರಾಜ್ಯಗಳಿಂದ ಬಂದ ಕುಟುಂಬಗಳಿಗೆ ಎಲ್ಲಿಗೆ ವರ್ಗವಾದರೂ ನಡೆಯುವ ಸಿಬಿಎಸ್‌ಇ, ಐಸಿಎಸ್‌ಇ ಸಿಲಬಸ್ ಬೇಕಾಯಿತು. ಊರಿಗೆ ಹೊಸಬರಾದವರಿಗೆ ಯಾವ ಶಾಲೆ ಒಳ್ಳೆಯದು ಎಂದು ತಿಳಿಯುವುದು ಹೇಗೆ? ಎಲ್ಲರೂ ಯಾವುದಕ್ಕೆ ಮುಗಿಬೀಳುತ್ತಾರೋ ಅದೇ ಒಳ್ಳೆಯದು ಎಂದುಕೊಂಡರು. ಸೀಟು ಸಿಗುವುದು ಎಷ್ಟು ಕಷ್ಟವೋ ಹೆಸರು ಅಷ್ಟು ದೊಡ್ಡದಾಯಿತು.

ಈ ಹೆಸರನ್ನು ಅಳೆಯುವ ಉದ್ಯಮವೂ ಬೆಂಗಳೂರಿನಲ್ಲೇ ಇದೆ. 1999ರಲ್ಲಿ ದಿಲೀಪ್ ಠಾಕೂರ್ ಇಲ್ಲಿ ಆರಂಭಿಸಿದ ‘ಎಜುಕೇಷನ್ ವರ್ಲ್ಡ್’ ಪತ್ರಿಕೆ 2007ರಿಂದ ದೇಶದ ಶಾಲೆಗಳಿಗೆ ವರ್ಷ ವರ್ಷ ರ‍್ಯಾಂಕ್ ಕೊಡುತ್ತ ಬಂದಿದೆ. ಪೋಷಕರನ್ನು, ಪ್ರಾಂಶುಪಾಲರನ್ನು, ಶಿಕ್ಷಕರನ್ನು ಕೇಳಿ ಅವರ ಅಭಿಪ್ರಾಯದ ಮೇಲೆ ಅಂಕ ಹಾಕುವ ಸಮೀಕ್ಷೆ ಅದು, ಪತ್ರಿಕೆಯೂ ಅದನ್ನು ಮುಚ್ಚಿಟ್ಟಿಲ್ಲ. ಆದರೆ ಶಾಲೆಯ ಗೇಟಿನ ಮೇಲೆ ‘ನಂ. 1’ ಎಂಬ ಫಲಕ ತೂಗಿದಾಗ ಅದು ಜನಾಭಿಪ್ರಾಯದ ಸಮೀಕ್ಷೆ ಎನ್ನುವ ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರಿರುವ ಶಾಲೆಯ ಬಗ್ಗೆ ಒಳ್ಳೆಯ ಅಭಿಪ್ರಾಯ ಬರುತ್ತದೆ, ಆ ಅಭಿಪ್ರಾಯದಿಂದ ರ‍್ಯಾಂಕು, ರ‍್ಯಾಂಕಿನಿಂದ ಇನ್ನಷ್ಟು ಅರ್ಜಿ. ತರಗತಿಯೊಳಗೆ ಏನು ನಡೆಯುತ್ತಿದೆ ಎನ್ನುವುದು ಈ ಸುತ್ತಿನಲ್ಲಿ ಎಲ್ಲಿಯೂ ಬರುವುದೇ ಇಲ್ಲ.

ಹತ್ತನೇ ತರಗತಿಯ ಫಲಿತಾಂಶ ಇದೆಯಲ್ಲ ಎನ್ನಬಹುದು. ಓದಿದ ತಂದೆ ತಾಯಿ, ತುಂಬಿದ ಮನೆ, ಪುಸ್ತಕ, ಟ್ಯೂಷನ್ ಎಲ್ಲ ಇರುವ ಮಕ್ಕಳನ್ನೇ ಮೂರನೇ ವಯಸ್ಸಿನಲ್ಲಿ ಆರಿಸಿಕೊಂಡ ಶಾಲೆಯ ಫಲಿತಾಂಶವನ್ನು ಶಾಲೆಯ ಸಾಧನೆ ಎನ್ನುವುದು ಕಾಲುವೆ ಪಕ್ಕದ ಗದ್ದೆಯ ಫಸಲು ತೋರಿಸಿ ರೈತನ ಕೈಗುಣ ಹೊಗಳಿದಂತೆ. ಶಾಲೆ ಎಷ್ಟು ಕಲಿಸಿತು ಎಂದು ತಿಳಿಯಬೇಕಾದರೆ ಒಂದೇ ಬಗೆಯ ಇಬ್ಬರು ಮಕ್ಕಳು ಬೇರೆ ಬೇರೆ ಶಾಲೆಗೆ ಹೋದಾಗ ಏನಾಯಿತು ಎಂದು ನೋಡಬೇಕು. ಅಂಥ ಅಧ್ಯಯನಗಳು ನಡೆದಿವೆ.

ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್‌ನಲ್ಲಿ ಪ್ರವೇಶ ಪರೀಕ್ಷೆ ಬರೆದೇ ಸೇರಬೇಕಾದ ಪ್ರತಿಷ್ಠಿತ ಶಾಲೆಗಳಿವೆ. ಸ್ವಲ್ಪ ದೊಡ್ಡ ಮಕ್ಕಳ ಶಾಲೆಗಳು, ಸರ್ಕಾರದ್ದೇ. ಅವುಗಳಲ್ಲಿ ಬಾಸ್ಟನ್ ಲ್ಯಾಟಿನ್ ಸ್ಕೂಲು 1635ರಷ್ಟು ಹಳೆಯದು. ಮುಂದೆ 2021ರಲ್ಲಿ ನೊಬೆಲ್ ಪಡೆದ ಜೋಶುವಾ ಆಂಗ್ರಿಸ್ಟ್ ಮತ್ತು ಸಂಗಡಿಗರು ಕಟಾಫ್ ಅಂಕಕ್ಕಿಂತ ಒಂದೆರಡು ಅಂಕ ಮೇಲೆ ಬಂದು ಸೀಟು ಪಡೆದವರನ್ನೂ, ಒಂದೆರಡು ಅಂಕ ಕಡಿಮೆಯಾಗಿ ಸೀಟು ತಪ್ಪಿದವರನ್ನೂ ಹೋಲಿಸಿದರು. ಇಬ್ಬರ ಶಕ್ತಿಯೂ ಹೆಚ್ಚು ಕಡಿಮೆ ಒಂದೇ. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ದೊಡ್ಡ ಹೆಸರಿನ ಶಾಲೆಗೆ ಸೇರಿದ್ದರಿಂದ ಮುಂದಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ.

ನಮಗೆ ಇನ್ನೂ ಹತ್ತಿರದ್ದು ಆಂಧ್ರಪ್ರದೇಶದ ಅಧ್ಯಯನ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 180 ಹಳ್ಳಿಗಳಲ್ಲಿ ಇದನ್ನು ನಡೆಸಿದರು. ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಗೆ ಹೋಗಲು ಲಾಟರಿ ಎತ್ತಿ ಸಹಾಯಧನ ಕೊಟ್ಟರು. ಲಾಟರಿಯಾದ್ದರಿಂದ ಹೋದವರಿಗೂ ಉಳಿದವರಿಗೂ ಮನೆಯ ಸ್ಥಿತಿಯಲ್ಲಿ ವ್ಯತ್ಯಾಸವಿರಲಿಲ್ಲ. ನಾಲ್ಕು ವರ್ಷದ ನಂತರ ನೋಡಿದಾಗ ತೆಲುಗಿನಲ್ಲಿ, ಗಣಿತದಲ್ಲಿ ಇಬ್ಬರೂ ಸಮಸಮ. ಹಿಂದಿಯಲ್ಲಿ ಮಾತ್ರ ಖಾಸಗಿಯವರು ಮುಂದೆ. ಅದನ್ನು ಸರ್ಕಾರಿ ಶಾಲೆಗಳಲ್ಲಿ ಹೆಚ್ಚಾಗಿ ಹೇಳಿಕೊಡುತ್ತಲೇ ಇರಲಿಲ್ಲ. ಈ ಅಧ್ಯಯನದಲ್ಲಿ ಸರ್ಕಾರಿ ವ್ಯವಸ್ಥೆ ಬೆನ್ನು ತಟ್ಟಿಕೊಳ್ಳುವಂಥದ್ದೂ ಏನಿಲ್ಲ. ಆ ಖಾಸಗಿ ಶಾಲೆಗಳು ಒಂದು ಮಗುವಿಗೆ ಸರ್ಕಾರ ಖರ್ಚು ಮಾಡುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ, ತೆಲುಗು ಮತ್ತು ಗಣಿತಕ್ಕೆ ಕಡಿಮೆ ಸಮಯ ಕೊಟ್ಟೂ ಅಷ್ಟೇ ಫಲಿತಾಂಶ ತಂದಿದ್ದವು. ಅವು ಹಳ್ಳಿಯ ಅಗ್ಗದ ಶಾಲೆಗಳೇ ಹೊರತು ಬೆಂಗಳೂರಿನ ಲಕ್ಷಾಂತರ ಶುಲ್ಕದವಲ್ಲ ಎನ್ನುವುದೂ ನಿಜ. ಆದರೂ ‘ಪ್ರೈವೇಟ್ ಅಂದರೆ ಚೆನ್ನಾಗಿ ಕಲಿಸುತ್ತಾರೆ’ ಎಂಬ ನಂಬಿಕೆಯನ್ನು ಎರಡನೇ ಬಾರಿ ಯೋಚಿಸಲು ಇಷ್ಟು ಸಾಕು.

ಮೊದಲ ನಾಲ್ಕು ವರ್ಷದ ಶಾಲೆ ಬದುಕನ್ನೇ ನಿರ್ಧರಿಸುತ್ತದೆ ಎಂದು ಹೆದರುವವರು ಬೆಂಗಳೂರಿನವರೇ ಆದ ಸಿ.ಎನ್.ಆರ್. ರಾವ್ ಅವರ ಬಾಲ್ಯವನ್ನು ಒಮ್ಮೆ ನೋಡಬಹುದು. 1934ರಲ್ಲಿ ಹುಟ್ಟಿದ ಅವರು ಪ್ರಾಥಮಿಕ ಶಾಲೆಗೆ ಹೋಗಲೇ ಇಲ್ಲ. ಲೆಕ್ಕದಲ್ಲಿ ಚುರುಕಾಗಿದ್ದ ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ನೇರವಾಗಿ ಮಾಧ್ಯಮಿಕ ಶಾಲೆಗೆ ಸೇರಿ, ಮುಂದೆ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದರು. ಭಾರತರತ್ನ ಪಡೆದ ವಿಜ್ಞಾನಿ ಎಲ್‌ಕೆಜಿ ಸೀಟಿಗೆ ಅರ್ಜಿ ಹಾಕಿದವರಲ್ಲ. ಎಲ್ಲ ಮನೆಯಲ್ಲೂ ಅಂಥ ತಾಯಿ ಇರುವುದಿಲ್ಲ, ಶಾಲೆ ಬೇಕೇ ಬೇಕು. ಆದರೆ ಆ ವಯಸ್ಸಿನ ಮಗುವಿಗೆ ಬೇಕಾದದ್ದು ಹತ್ತಿರ ಕೂತು ಹೇಳಿಕೊಡುವ ಒಬ್ಬರು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಪ್ರವೇಶದ ಪೈಪೋಟಿಯನ್ನು ನಿಯಮದಿಂದ ಪಳಗಿಸಲು ಹೊರಟ ಊರು ದೆಹಲಿ. ಅದರ ಕಥೆ ಬೆಂಗಳೂರಿಗೆ ಪಾಠವಾಗಬೇಕು. ಅಲ್ಲಿ ನರ್ಸರಿ ಮಕ್ಕಳ ಸಂದರ್ಶನದ ವಿರುದ್ಧ ಪ್ರಕರಣ ಹೈಕೋರ್ಟಿಗೆ ಹೋಗಿ, ಆಗ ಸಿಬಿಎಸ್‌ಇ ಅಧ್ಯಕ್ಷರಾಗಿದ್ದ ಅಶೋಕ್ ಗಂಗೂಲಿ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. ಸಂದರ್ಶನದ ಬದಲು 100 ಅಂಕಗಳ ಪದ್ಧತಿ ಬಂತು. 2013ರ ಡಿಸೆಂಬರ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ನಜೀಬ್ ಜಂಗ್ ಅದನ್ನು ಬಿಗಿ ಮಾಡಿದರು: ಮನೆ ಹತ್ತಿರವಿದ್ದರೆ 70 ಅಂಕ, ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದರೆ 20, ಹೆತ್ತವರು ಹಳೆಯ ವಿದ್ಯಾರ್ಥಿಯಾಗಿದ್ದರೆ 5, ಬೇರೆ ರಾಜ್ಯದಿಂದ ವರ್ಗವಾಗಿ ಬಂದಿದ್ದರೆ 5. ಕೊನೆಯ ಐದು ಅಂಕಕ್ಕಾಗಿ ಸುಳ್ಳು ವರ್ಗಾವಣೆ ಪತ್ರಗಳು ಹುಟ್ಟಿಕೊಂಡವು. ಕೆಲವೇ ವಾರಗಳಲ್ಲಿ ಆ ಅಂಕವನ್ನೇ ಕೈಬಿಡಬೇಕಾಯಿತು. ಶಾಲೆಗಳು ತಮ್ಮ ಸ್ವಾಯತ್ತತೆಗೆ ಧಕ್ಕೆಯಾಯಿತೆಂದು ಕೋರ್ಟಿಗೆ ಹೋದವು. 2014ರ ನವೆಂಬರ್‌ನಲ್ಲಿ ಹೈಕೋರ್ಟು ಮಾರ್ಗಸೂಚಿಯನ್ನೇ ರದ್ದು ಮಾಡಿತು.

2016ರ ಜನವರಿಯಲ್ಲಿ ದೆಹಲಿ ಸರ್ಕಾರ ಶಾಲೆಗಳು ಬಳಸುತ್ತಿದ್ದ 62 ಮಾನದಂಡಗಳ ಪಟ್ಟಿ ಮಾಡಿ ಅವನ್ನೂ ಆಡಳಿತ ಮಂಡಳಿಯ ಕೋಟಾವನ್ನೂ ಕಿತ್ತುಹಾಕಿತು. ಹೆತ್ತವರು ಸಿಗರೇಟು ಸೇದುತ್ತಾರೆಯೇ, ಮದ್ಯ ಕುಡಿಯುತ್ತಾರೆಯೇ, ಮಾಂಸ ತಿನ್ನುತ್ತಾರೆಯೇ ಎನ್ನುವುದಕ್ಕೂ ಅಂಕವಿದ್ದ ಸಂಗತಿ ಆಗ ಹೊರಬಂತು. ಮುಂದಿನ ತಿಂಗಳೇ ಹೈಕೋರ್ಟು ಅವುಗಳಲ್ಲಿ 11 ಮಾನದಂಡಗಳ ಮತ್ತು ಕೋಟಾದ ರದ್ದತಿಗೆ ತಡೆ ಕೊಟ್ಟಿತು. ಇರ್ಫಾನ್ ಖಾನ್ ನಟಿಸಿದ 2017ರ ‘ಹಿಂದಿ ಮೀಡಿಯಂ’ ಚಿತ್ರದಲ್ಲಿ ಸೀಟಿಗಾಗಿ ಶ್ರೀಮಂತ ದಂಪತಿ ಬಡವರಂತೆ ನಟಿಸುವ ಕಥೆ ಇದೇ ನಗರದ ಹಿನ್ನೆಲೆಯದು.

ಜಪಾನಿನಲ್ಲಿ ಇಂಥ ಆಯ್ಕೆ ತೆರೆದ ಬಾಗಿಲಲ್ಲೇ ನಡೆಯುತ್ತದೆ. ಟೋಕಿಯೊದಲ್ಲಿ 1874ರಲ್ಲಿ ಸ್ಥಾಪನೆಯಾದ ಕೇಯೋ ಯೋಚಿಶಾ ಎಂಬ ಖಾಸಗಿ ಪ್ರಾಥಮಿಕ ಶಾಲೆ ವರ್ಷಕ್ಕೆ 144 ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಅರ್ಜಿ ಹಾಕುವವರು ಅದರ ಹತ್ತು ಪಟ್ಟಿನ ಆಸುಪಾಸು. ಒಮ್ಮೆ ಒಳಗೆ ಹೋದರೆ ಅದೇ ಹೆಸರಿನ ವಿಶ್ವವಿದ್ಯಾಲಯದವರೆಗೆ ದಾರಿ ಸಲೀಸು ಎನ್ನುವುದೇ ಆಕರ್ಷಣೆ. ಆರು ವರ್ಷದ ಮಕ್ಕಳು ಚಿತ್ರ ಬರೆಯುವುದನ್ನು, ಓಡುವುದನ್ನು, ಇತರ ಮಕ್ಕಳೊಡನೆ ಆಡುವುದನ್ನು ನೋಡಿ ಅಂಕ ಹಾಕುತ್ತಾರೆ. ಇಂಥ ಪರೀಕ್ಷೆಗೆಂದೇ ತರಬೇತಿ ಕೊಡುವ ಟ್ಯೂಷನ್ ಸಂಸ್ಥೆಗಳಿವೆ, ಸಂದರ್ಶನಕ್ಕೆಂದೇ ತಾಯಂದಿರಿಗೆ ಕಡುನೀಲಿ ಉಡುಪು ಮಾರುವ ಅಂಗಡಿಗಳಿವೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು: ಜಪಾನಿನ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಖಾಸಗಿ ಶಾಲೆಗೆ ಹೋಗುವವರು ನೂರಕ್ಕೆ ಒಬ್ಬರೋ ಇಬ್ಬರೋ. ಉಳಿದವರಿಗೆ ಮನೆ ಪಕ್ಕದ ಸರ್ಕಾರಿ ಶಾಲೆಯೇ ಶಾಲೆ, ಅದು ಚೆನ್ನಾಗಿಯೂ ಇದೆ. ಇಲ್ಲಿ ಆ ನೆಮ್ಮದಿ ಇಲ್ಲದ್ದರಿಂದಲೇ ಆಟೊ ಓಡಿಸುವವರೂ ಸಾಲ ಮಾಡಿ ಕಾನ್ವೆಂಟಿನ ಬಾಗಿಲಿಗೆ ಹೋಗುತ್ತಾರೆ.

ಆ ಬಾಗಿಲನ್ನು ಒಮ್ಮೆ ಕಾನೂನು ತೆರೆದಿತ್ತು. ಆರ್‌ಟಿಇ 12(1)(ಸಿ) ಪ್ರಕಾರ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟನ್ನು ಬಡ ಮತ್ತು ದುರ್ಬಲ ವರ್ಗದ ನೆರೆಹೊರೆಯ ಮಕ್ಕಳಿಗೆ ಕೊಡಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು, ಆ ವರ್ಷವೇ ಕರ್ನಾಟಕದಲ್ಲಿ ಪ್ರವೇಶ ಶುರುವಾಯಿತು. ವಿರೋಧವೂ ಜೋರಾಗಿತ್ತು. ಬೆಂಗಳೂರಿನ ಒಂದು ಶಾಲೆಯಲ್ಲಿ ಆರ್‌ಟಿಇ ಮಕ್ಕಳನ್ನು ಗುರುತಿಸಲು ಅವರ ಕೂದಲು ಕತ್ತರಿಸಿದರೆಂಬ ಆರೋಪ ಅದೇ ವರ್ಷ ರಾಜ್ಯವನ್ನು ಕಂಗೆಡಿಸಿತು. ಆದರೂ ಯೋಜನೆ ಬೇರೂರಿತು. 2018–19ರ ಹೊತ್ತಿಗೆ ಸುಮಾರು ಒಂದೂವರೆ ಲಕ್ಷ ಸೀಟುಗಳಿದ್ದವು, ಅದನ್ನು ಮೀರಿ ಅರ್ಜಿಗಳು ಬರುತ್ತಿದ್ದವು.

ನಂತರ ಕರ್ನಾಟಕ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿಯ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ ಎಂದಾಯಿತು. 2019ರ ಮೇ ತಿಂಗಳಲ್ಲಿ ರಾಜ್ಯ ಹೈಕೋರ್ಟು ಆ ತಿದ್ದುಪಡಿಯನ್ನು ಒಪ್ಪಿತು. ಬೆಂಗಳೂರಿನಲ್ಲಿ ಸರ್ಕಾರಿ ಶಾಲೆ ಇಲ್ಲದ ವಾರ್ಡೇ ಅಪರೂಪ. ರಾಜ್ಯದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದ ಒಳಗೆ ಕುಸಿದವು. ಸರ್ಕಾರಿ ಶಾಲೆ ಉಳಿಸಲು ಹೀಗೆ ಮಾಡಿದೆವು ಎಂದು ಸರ್ಕಾರ ಹೇಳಿತು. ಬಡವರ ಮಕ್ಕಳು ಬೇರೆ ದಾರಿ ಇಲ್ಲದೆ ಬರುವುದರಿಂದ ಸರ್ಕಾರಿ ಶಾಲೆ ಉಳಿಯುತ್ತದೆ ಎನ್ನುವ ಈ ವಾದ ಒಪ್ಪುವಂಥದ್ದಲ್ಲ. ಮಹಾರಾಷ್ಟ್ರ ಇದೇ ಹಾದಿ ಹಿಡಿದಾಗ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು. ಇತ್ತ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆರ್‌ಟಿಇ ಅನ್ವಯಿಸದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಿದ್ದರಿಂದ ದಂಡಿನ ಹಳೆಯ ಮಿಷನರಿ ಶಾಲೆಗಳು ಕಾಯ್ದೆಯ ಆಚೆಗೇ ಉಳಿದಿವೆ. ಅದೇ ದಿನ, ಅದೇ ಪೀಠ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಕರ್ನಾಟಕದ ಭಾಷಾನೀತಿಯನ್ನೂ ತಳ್ಳಿಹಾಕಿತು. ಕರ್ನಾಟಕದ ಶಾಲಾ ಪ್ರವೇಶದ ಚಿತ್ರವನ್ನು ಅಷ್ಟು ಬದಲಿಸಿದ ದಿನ ಇನ್ನೊಂದಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ವಿನಾಯಿತಿಯ ವಿಚಾರವನ್ನು ದೊಡ್ಡ ಪೀಠ ಮತ್ತೆ ನೋಡಬೇಕೆಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಸೂಚಿಸಿದ್ದಾರೆ.

ಬಡ ಮಕ್ಕಳು ಬಂದರೆ ತರಗತಿಯ ಮಟ್ಟ ಕುಸಿಯುತ್ತದೆ, ಶಾಲೆಯ ಹೆಸರು ಹೋಗುತ್ತದೆ ಎಂಬ ಭಯಕ್ಕೂ ಉತ್ತರ ಸಿಕ್ಕಿದೆ. 2007ರಿಂದ ದೆಹಲಿಯ ಹಲವು ಪ್ರತಿಷ್ಠಿತ ಶಾಲೆಗಳು ಬಡ ಮಕ್ಕಳಿಗೆ ಸೀಟು ಬಿಡಬೇಕಾಗಿ ಬಂದಾಗ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಲ್ಲಿಯ ಶ್ರೀಮಂತ ಮಕ್ಕಳನ್ನು ಅಭ್ಯಸಿಸಿದರು. ಒಂದು ಪ್ರಯೋಗ ರಿಲೇ ಓಟದ್ದು. ಬಹುಮಾನದ ಓಟಕ್ಕೆ ಜೊತೆಗಾರರನ್ನು ಆರಿಸಬೇಕು. ಬಡ ಮನೆಯ ಹುಡುಗ ಚೆನ್ನಾಗಿ ಓಡುತ್ತಾನೆ, ತಮ್ಮಂಥದೇ ಮನೆಯ ಹುಡುಗ ನಿಧಾನ. ಬಡ ಸಹಪಾಠಿಗಳ ಜೊತೆ ಓದಿ ರೂಢಿಯಿಲ್ಲದವರಲ್ಲಿ ಕೆಲವರು ಬಹುಮಾನ ಹೋದರೂ ಸರಿ ಎಂದು ನಿಧಾನದವನನ್ನೇ ಆರಿಸಿದರು. ಜೊತೆಯಲ್ಲಿ ಕೂತು ಓದಿದವರಲ್ಲಿ ಈ ಭೇದ ಕಡಿಮೆಯಾಗಿತ್ತು. ಅವರು ಹೆಚ್ಚು ಉದಾರಿಗಳೂ ಆಗಿದ್ದರು. ಗಣಿತದಲ್ಲಿ, ಹಿಂದಿಯಲ್ಲಿ ಅಂಕ ಇಳಿದಿರಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಒಂದಿಷ್ಟು ವ್ಯತ್ಯಾಸ. 2019ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಬೆಂಗಳೂರಿನ ಪ್ರತಿ ಶಾಲೆಯ ಆಡಳಿತ ಮಂಡಳಿ ಓದಬೇಕು.

ಈ ಗೋಜಲಿಗೆ ವಯಸ್ಸಿನ ಲೆಕ್ಕವೂ ಸೇರಿಕೊಂಡಿದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ 2022ರ ಜುಲೈನಲ್ಲಿ ಆದೇಶಿಸಿ, 2025–26ರಿಂದ ಜಾರಿ ಎಂದಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ಬೇಗ ಎಲ್‌ಕೆಜಿ ಸೇರಿ ಯುಕೆಜಿ ಮುಗಿಸಿದ್ದರು. ಪೋಷಕರ ಒತ್ತಾಯಕ್ಕೆ ಮಣಿದು ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕು ಎಂದರು. ಸೀಟು ಕೈತಪ್ಪೀತೆಂಬ ಆತುರದಲ್ಲಿ ಮಗುವನ್ನು ಆರು ತಿಂಗಳು ಮೊದಲೇ ಶಾಲೆಗೆ ನೂಕಿದ್ದರ ಫಲ ಅದು.

ಹೆಸರು ಬೇರೆ ರೀತಿಯಲ್ಲೂ ಕಟ್ಟಬಹುದು ಎಂಬುದಕ್ಕೆ ನಾಡಿನಲ್ಲೇ ಉದಾಹರಣೆಗಳಿವೆ. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಸರ್ಕಾರಿ ಶಾಲೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಪ್ರಕಾಶ್ ಅಂಚನ್ ಮತ್ತು ಊರಿನ ಯುವಕರು ಅದನ್ನು ದತ್ತು ತೆಗೆದುಕೊಂಡು ಕಟ್ಟಡ ಎಬ್ಬಿಸಿದರು, ಮಕ್ಕಳನ್ನು ಕರೆತರಲು ಬಸ್ಸು ಹಾಕಿದರು, ಇಂಗ್ಲಿಷು ಕಲಿಸುವ ವ್ಯವಸ್ಥೆ ಮಾಡಿದರು. ಖಾಸಗಿ ಶಾಲೆಯಿಂದ ಟಿ.ಸಿ. ತೆಗೆದುಕೊಂಡು ಮಕ್ಕಳು ಅಲ್ಲಿಗೆ ಬಂದರು. ಯಾರನ್ನೂ ಜರಡಿ ಹಿಡಿಯದೆ ಬಂದ ಹೆಸರು ಅದು. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳ ಮುಂದೆ ಪೋಷಕರು ಸಾಲು ನಿಂತದ್ದನ್ನೂ ಜನ ನೋಡಿದ್ದಾರೆ. ಸರ್ಕಾರಿ ಶಾಲೆಗೂ ಪೈಪೋಟಿ ಹುಟ್ಟುತ್ತದೆ, ಅಲ್ಲಿ ಮೇಷ್ಟ್ರು, ಕೊಠಡಿ, ಶೌಚಾಲಯ, ಎಲ್‌ಕೆಜಿ ಇದ್ದರೆ.

ಈ ವರ್ಷ ಅರ್ಜಿ ಹಿಡಿದು ಓಡಾಡುವ ತಂದೆ ತಾಯಂದಿರು ಶಾಲೆಗಳನ್ನು ಕೆಲವು ಪ್ರಶ್ನೆ ಕೇಳಬೇಕು. ಪ್ರವೇಶ ನೀತಿ ಬರಹದಲ್ಲಿದೆಯೇ? ಕಳೆದ ಮೂರು ವರ್ಷದಲ್ಲಿ ಎಷ್ಟು ಜನ ಶಿಕ್ಷಕಿಯರು ಬಿಟ್ಟು ಹೋದರು? ಒಂದು ತರಗತಿಯಲ್ಲಿ ಎಷ್ಟು ಮಕ್ಕಳು? ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಏನು ಮಾಡುತ್ತೀರಿ? ಮನೆಯಿಂದ ಶಾಲೆಗೆ ವ್ಯಾನಿನಲ್ಲಿ ಎಷ್ಟು ಹೊತ್ತು? ಇವಕ್ಕೆ ನೇರವಾಗಿ ಉತ್ತರಿಸುವ ಶಾಲೆ ರ‍್ಯಾಂಕ್ ಪಟ್ಟಿಯಲ್ಲಿ ಇಲ್ಲದಿದ್ದರೂ ನಂಬಬಹುದು. ರಸೀದಿ ಇಲ್ಲದೆ ಡೊನೇಷನ್ ಕೇಳಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಬೇಕು. ಆರ್‌ಟಿಇಗೂ ಮೊದಲೇ, 1984ರಲ್ಲೇ, ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಮಾಡಿದೆ.

ಸರ್ಕಾರ ಮಾಡಬೇಕಾದದ್ದೂ ಇದೆ. ಪೂರ್ವ ಪ್ರಾಥಮಿಕ ತರಗತಿಗಳಿಗೂ ಸಂದರ್ಶನ ನಿಷೇಧಿಸುವ ಕಾನೂನನ್ನು ವಿಧಾನಮಂಡಲ ತರಬೇಕು. ಸೀಟಿಗಿಂತ ಅರ್ಜಿ ಹೆಚ್ಚು ಬಂದರೆ ಪೋಷಕರ ಎದುರಿನಲ್ಲೇ ಲಾಟರಿ ಎತ್ತಬೇಕು. 2019ರಲ್ಲಿ ಮುಚ್ಚಿದ ಆರ್‌ಟಿಇ ಬಾಗಿಲನ್ನು ಮತ್ತೆ ತೆರೆಯಬೇಕು, ಜೊತೆಗೆ ಪ್ರತಿ ವಾರ್ಡಿನಲ್ಲೂ ಎಲ್‌ಕೆಜಿ ಇರುವ ಒಂದು ಒಳ್ಳೆಯ ಸರ್ಕಾರಿ ಶಾಲೆ ಇರಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಮನೆಬಾಗಿಲಿಗೆ ಬರುವವರನ್ನು ಚಿಕ್ಕ ಮಕ್ಕಳಿರುವ ಪ್ರತಿಯೊಬ್ಬರೂ ಈ ಮಾತು ಕೇಳಲಿ.